‘ರಾಕೆಟ್’ ಉಗಿಬಂಡಿಯ ಉತ್ತರ ಚರಿತ್ರೆ

‘ರಾಕೆಟ್’ ಎಂಬ ಉಗಿಬಂಡಿಯ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಹಳದಿಯ ಮೈಬಣ್ಣ, ಎತ್ತರವಾದ ಬಿಳಿಯ ಹೊಗೆಕೊಳವೆ, ಮುಂದೆ ದೊಡ್ಡ ಚಕ್ರಗಳು, ಹಿಂದೆ ಚಿಕ್ಕ ಚಕ್ರಗಳು—ಈ ಚಿತ್ರವನ್ನು ಪಾಠಪುಸ್ತಕಗಳಲ್ಲಿ ಅನೇಕರು ನೋಡಿರಬೇಕು. ಆ ಬಂಡಿಯು ಪಂದ್ಯವೊಂದರಲ್ಲಿ ಗೆದ್ದಿತೆಂಬಲ್ಲಿಗೆ ಪುಸ್ತಕದ ಕಥೆ ಮುಗಿಯುತ್ತದೆ. ಆದರೆ ಗೆದ್ದವರ ಬಾಳು ಗೆಲುವಿನೊಡನೆಯೇ ಮುಗಿಯುವುದಿಲ್ಲವಷ್ಟೆ. ಆ ಬಳಿಕ ರಾಕೆಟ್ಟಿಗೆ ಏನಾಯಿತು, ಅದು ಎಲ್ಲೆಲ್ಲಿ ದುಡಿಯಿತು, ಈಗ ಎಲ್ಲಿದೆ, ಈಗ ಇರುವುದು ನಿಜವಾಗಿಯೂ ಅದೇ ಬಂಡಿಯೇ ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಪೂರ್ವಕಥೆಯನ್ನು ಸಂಗ್ರಹವಾಗಿ ನೆನೆಯಬೇಕು. ಇಂಗ್ಲೆಂಡಿನ ಲಿವರ್‌ಪೂಲಿಗೂ ಮ್ಯಾಂಚೆಸ್ಟರಿಗೂ ನಡುವೆ ರೈಲುದಾರಿ ಸಿದ್ಧವಾಗುತ್ತಿದ್ದ ಕಾಲ. ಗಾಡಿಗಳನ್ನು ಎಳೆಯುವುದು ಹೇಗೆಂಬ ವಿಷಯದಲ್ಲಿ ಆ ಕಂಪೆನಿಯ ನಿರ್ದೇಶಕರಲ್ಲಿ ಒಮ್ಮತವಿರಲಿಲ್ಲ. ಒಂದೆಡೆ ನೆಲೆನಿಂತ ಯಂತ್ರಗಳಿಂದ ಹಗ್ಗ ಕಟ್ಟಿ ಎಳೆಯಿಸಬೇಕೆಂದು ಕೆಲವರು, ಚಲಿಸುವ ಯಂತ್ರವೇ ಬೇಕೆಂದು ಕೆಲವರು. ಕೊನೆಗೆ 500 ಪೌಂಡುಗಳ ಬಹುಮಾನವನ್ನಿಟ್ಟು, 1829ನೆಯ ಅಕ್ಟೋಬರಿನಲ್ಲಿ ರೈನ್‌ಹಿಲ್ ಎಂಬಲ್ಲಿ ಪರೀಕ್ಷೆಯನ್ನು ಏರ್ಪಡಿಸಿದರು. ಜಾರ್ಜ್ ಸ್ಟೀವನ್‌ಸನ್ನನ ಮಗನಾದ ರಾಬರ್ಟನ ನ್ಯೂಕಾಸಲ್ ಕಾರ್ಖಾನೆಯಲ್ಲಿ ರಾಕೆಟ್ ತಯಾರಾಯಿತು. ಅಲ್ಲಿಯವರೆಗಿನ ಇಂಜಿನುಗಳಲ್ಲಿ ಬೆಂಕಿಯ ಝಳವು ಸಾಮಾನ್ಯವಾಗಿ ಒಂದೆರಡು ದಪ್ಪ ನಾಳಗಳಲ್ಲಿ ಹಾದುಹೋಗುತ್ತಿದ್ದಿತು. ಕಂಪೆನಿಯ ಕಾರ್ಯದರ್ಶಿಯಾದ ಹೆನ್ರಿ ಬೂತನ ಸೂಚನೆಯಂತೆ ರಾಕೆಟ್ಟಿನ ಬಾಯ್ಲರಿನಲ್ಲಿ 25 ತಾಮ್ರದ ನಾಳಗಳನ್ನು ಇರಿಸಿದರು. ಬೆಂಕಿಗೆ ನೀರಿನ ಸೋಂಕು ಹೆಚ್ಚಿತು. ಉಗಿಯ ಉತ್ಪತ್ತಿಯೂ ಹೆಚ್ಚಿತು. ರಾಕೆಟ್ ತನ್ನ ತೂಕದ ಸುಮಾರು ಮೂರರಷ್ಟು ಭಾರವನ್ನೆಳೆದು, ಸರಾಸರಿ ಗಂಟೆಗೆ 12 ಮೈಲಿಯಂತೆ ಓಡಿತು. ಒಮ್ಮೊಮ್ಮೆ 30 ಮೈಲಿಯ ಸಮೀಪಕ್ಕೂ ಏರಿತು. ಪರೀಕ್ಷೆಯನ್ನು ಪೂರ್ತಿಯಾಗಿ ಮುಗಿಸಿದ ಬಂಡಿ ಅದೊಂದೇ.

1830ನೆಯ ಸೆಪ್ಟೆಂಬರ್ 15ರಂದು ರೈಲುದಾರಿಯ ಪ್ರಾರಂಭೋತ್ಸವ. ಪ್ರಧಾನಮಂತ್ರಿ ವೆಲಿಂಗ್ಟನ್ ಪ್ರಭುವಿನ ಗಾಡಿಯು ನೀರಿಗಾಗಿ ಪಾರ್ಕ್‌ಸೈಡಿನಲ್ಲಿ ನಿಂತಿದ್ದಾಗ, ಲಿವರ್‌ಪೂಲಿನ ಪಾರ್ಲಿಮೆಂಟು ಸದಸ್ಯನಾದ ವಿಲಿಯಂ ಹಸ್ಕಿಸನ್ ಆತನೊಡನೆ ಮಾತನಾಡಲೆಂದು ಕಂಬಿಯ ಮೇಲಕ್ಕೆ ಇಳಿದನು. ಪಕ್ಕದ ಕಂಬಿಯಲ್ಲಿ ಬರುತ್ತಿದ್ದುದು ರಾಕೆಟ್. ಅದರ ಚಕ್ರಗಳಡಿ ಆತನ ಕಾಲು ನುಜ್ಜಾಯಿತು. ಆ ರಾತ್ರಿಯೇ ಆತನು ತೀರಿಕೊಂಡನು. ಹೀಗೆ ಒಂದು ವರ್ಷದೊಳಗಾಗಿಯೇ ರಾಕೆಟ್ಟಿಗೆ ಕೀರ್ತಿಯೂ ಕಳಂಕವೂ ಎರಡೂ ಬಂದೊದಗಿದವು.

ಉತ್ತರ ಚರಿತ್ರೆಯು ಇಲ್ಲಿಂದ ಮೊದಲಾಗುತ್ತದೆ. ರಾಕೆಟ್ಟಿನ ಸಿಲಿಂಡರುಗಳು ಹಿಂಭಾಗದಲ್ಲಿ ಬಹಳ ಓರೆಯಾಗಿದ್ದುದರಿಂದ ವೇಗ ಹೆಚ್ಚಿದಾಗ ಬಂಡಿಯು ತೊನೆದಾಡುತ್ತಿದ್ದಿತು. ಅದೇ ಕಾರ್ಖಾನೆಯಿಂದ 1830ರಲ್ಲಿಯೇ ಹೊರಬಂದ ‘ನಾರ್ತಂಬ್ರಿಯನ್’, ‘ಪ್ಲಾನೆಟ್’ ಎಂಬ ತಮ್ಮಂದಿರು ಅಣ್ಣನನ್ನು ಮೀರಿಸಿದರು. ಅಣ್ಣನನ್ನೇ ತಮ್ಮಂದಿರಂತೆ ತಿದ್ದುವ ಕೆಲಸ ಆರಂಭವಾಯಿತು. ಸಿಲಿಂಡರುಗಳನ್ನು ಇಳಿಸಿ ಹೆಚ್ಚು ಕಡಿಮೆ ನೆಲಕ್ಕೆ ಸಮನಾಗಿರಿಸಿದರು. ಮುಂದುಗಡೆ ಹೊಗೆಪೆಟ್ಟಿಗೆಯನ್ನು ಜೋಡಿಸಿದರು. 1834ರಲ್ಲಿ ಡಂಡೊನಾಲ್ಡ್ ಪ್ರಭುವು ಕಲ್ಪಿಸಿದ ಸುತ್ತುವ ಯಂತ್ರವೊಂದನ್ನು ಪರೀಕ್ಷಿಸಬೇಕಾಗಿ ಬಂದಾಗ, ಆ ಪ್ರಯೋಗಕ್ಕೂ ಸಿಕ್ಕಿದುದು ಈ ಬಡ ರಾಕೆಟ್ಟೇ. ಪ್ರಯೋಗವು ಫಲಿಸಲಿಲ್ಲ, ಬರಿಯ ಗಾಡಿಗಳನ್ನೂ ಅದು ಎಳೆಯದಾಯಿತು. ಐದು ವರ್ಷಗಳ ಹಿಂದೆ ಜನಸಾಗರದ ಜಯಘೋಷವನ್ನು ಕೇಳಿದ ಬಂಡಿಯ ಪಾಡು ಇದು.

1836ರಲ್ಲಿ ಕಂಪೆನಿಯು ಅದನ್ನು 300 ಪೌಂಡುಗಳಿಗೆ ಮಾರಿಬಿಟ್ಟಿತು. ಕಂಬರ್‌ಲೆಂಡ್ ಸೀಮೆಯ ಬ್ರ್ಯಾಂಪ್ಟನ್ ಬಳಿ, ಕಾರ್ಲೈಲ್ ಪ್ರಭುವಿನ ರೈಲುದಾರಿಯಲ್ಲಿ ರಾಕೆಟ್ ಕಲ್ಲಿದ್ದಲನ್ನು ಎಳೆಯತೊಡಗಿತು. 1840ರ ಸುಮಾರಿಗೆ ಆ ದುಡಿಮೆಯೂ ನಿಂತಿತು. ಅಲ್ಲಿಂದ ಮುಂದೆ ಇಪ್ಪತ್ತು ವರ್ಷಗಳಿಗೂ ಮೀರಿ ಅದರ ಪಾಲಿಗೆ ಉಳಿದುದು ಉಪೇಕ್ಷೆ. ಆ ಕಾಲದಲ್ಲಿ ಸವೆದ ಇಂಜಿನಿಗೆ ಹಳೆಯ ಕಬ್ಬಿಣದ ಬೆಲೆಯ ಹೊರತು ಬೇರೆ ಬೆಲೆಯಿರಲಿಲ್ಲ. ರಾಕೆಟ್ ಕುಲುಮೆಯ ಪಾಲಾಗದೆ ಉಳಿದುದು ನಮ್ಮ ಪುಣ್ಯ. 1862ರಲ್ಲಿ ಅದರ ಒಡೆಯರಾಗಿದ್ದ ಥಾಂಪ್ಸನ್ ಮನೆತನದವರು ಅದನ್ನು ಲಂಡನ್ನಿನ ಪೇಟೆಂಟು ಕಚೇರಿಯ ವಸ್ತುಸಂಗ್ರಹಾಲಯಕ್ಕೆ ದಾನವಾಗಿ ಕೊಟ್ಟರು. ಅದೇ ಮುಂದೆ ವಿಜ್ಞಾನ ಸಂಗ್ರಹಾಲಯದ ಆಸ್ತಿಯಾಯಿತು. ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ ರೈಲು ಬಂದುದು 1864ರಲ್ಲಿ. ನಮ್ಮವರು ಮೊದಲ ಬಾರಿಗೆ ಉಗಿಬಂಡಿಯನ್ನು ಬೆರಗಿನಿಂದ ನೋಡುತ್ತಿದ್ದಾಗ, ಅದರ ಮೂಲಪುರುಷನೆನ್ನಬಹುದಾದ ರಾಕೆಟ್ ಆಗಲೇ ಚರಿತ್ರೆಯ ವಸ್ತುವಾಗಿ ಕುಳಿತಿದ್ದಿತೆಂಬುದು ಗಮನಾರ್ಹ.

ಇಲ್ಲೊಂದು ಪ್ರಶ್ನೆ ಏಳುತ್ತದೆ. ಸಂಗ್ರಹಾಲಯಕ್ಕೆ ಬಂದ ರಾಕೆಟ್ ಕಪ್ಪಾಗಿದ್ದಿತು, ಅದರ ಹಲವು ಅಂಗಗಳು ಕಳೆದುಹೋಗಿದ್ದವು, ಉಳಿದವು ಬದಲಾಗಿದ್ದವು. ರೈನ್‌ಹಿಲ್ಲಿನಲ್ಲಿ ಗೆದ್ದ ರೂಪಕ್ಕೆ ಅದನ್ನು ಮರಳಿ ತರಬಾರದೇಕೆ? ಹಳದಿಯ ಬಣ್ಣ ಬಳಿದು, ಸಿಲಿಂಡರುಗಳನ್ನು ಮತ್ತೆ ಓರೆಯಾಗಿ ನಿಲ್ಲಿಸಿದರೆ ನೋಡುವವರಿಗೆ ಸಂತೋಷವಲ್ಲವೇ? ಆ ಸಂತೋಷಕ್ಕೆ ಬೇರೆ ದಾರಿಯಿದೆ. 1929ರಲ್ಲಿ ಅಮೆರಿಕದ ಹೆನ್ರಿ ಫೋರ್ಡನು ಸ್ಟೀವನ್‌ಸನ್ ಕಂಪೆನಿಯಿಂದಲೇ ಒಂದು ಪ್ರತಿಕೃತಿಯನ್ನು ಮಾಡಿಸಿಕೊಂಡನು. 1979ರಲ್ಲಿ ಓಡಬಲ್ಲ ಮತ್ತೊಂದು ಪ್ರತಿಕೃತಿ ಸಿದ್ಧವಾಯಿತು. ಮೂಲವನ್ನು ಮಾತ್ರ ಮುಟ್ಟದೆ ಬಿಟ್ಟುದು ವಿವೇಕದ ಕೆಲಸ. ಕಳೆದ ಶತಮಾನದ ಕೊನೆಯಲ್ಲಿ ತಜ್ಞರು ಅದನ್ನು ಬಿಚ್ಚಿ, ಒಂದೊಂದು ಭಾಗವನ್ನೂ ಅಳೆದು ಪರಿಶೀಲಿಸಿದರು. ತೇಪೆ, ಬೆಸುಗೆ, ತಿದ್ದುಪಡಿಗಳ ಗುರುತುಗಳಿಂದಲೇ ಅದರ ಬಾಳಿನ ವೃತ್ತಾಂತವನ್ನು ಓದುವುದು ಅವರಿಗೆ ಸಾಧ್ಯವಾಯಿತು. ಹಳೆಯ ಶಾಸನದ ಅಕ್ಷರಗಳು ಸವೆದಿವೆಯೆಂದು ಅದನ್ನು ಹೊಸದಾಗಿ ಕೆತ್ತಿಸಿದರೆ ಶಾಸನವೇ ಹಾಳಾಗುವುದಷ್ಟೆ. ರಾಕೆಟ್ಟಿನ ಮೈಯೂ ಅಂತಹುದೊಂದು ಶಾಸನ. ಚಿತ್ರದಲ್ಲಿರುವ ಹಳದಿಯ ಬಂಡಿಯು ಒಂದು ವಾರದ ಗೆಲುವನ್ನು ಹೇಳುತ್ತದೆ. ಸಂಗ್ರಹಾಲಯದ ಕರಿಯ ಬಂಡಿಯು ಹತ್ತು ವರ್ಷಗಳ ದುಡಿಮೆಯನ್ನು ಹೇಳುತ್ತದೆ.

ಲಂಡನ್ನಿನಲ್ಲಿ ನೂರೈವತ್ತು ವರ್ಷಗಳಿಗೂ ಹೆಚ್ಚು ಕಾಲ ನೆಲೆಸಿದ್ದ ರಾಕೆಟ್ 2018ರಲ್ಲಿ ಮತ್ತೆ ಉತ್ತರಕ್ಕೆ ಹೊರಟಿತು. ಹುಟ್ಟಿದೂರಾದ ನ್ಯೂಕಾಸಲಿಗೂ, ಬಳಿಕ ತಾನು ದುಡಿದ ದಾರಿಯ ಕೊನೆಯಾದ ಮ್ಯಾಂಚೆಸ್ಟರಿಗೂ ಹೋಗಿ, 2019ರಲ್ಲಿ ಯಾರ್ಕ್ ನಗರದ ರಾಷ್ಟ್ರೀಯ ರೈಲ್ವೆ ಸಂಗ್ರಹಾಲಯವನ್ನು ಸೇರಿತು. 2023ರಲ್ಲಿ ಶಿಲ್ಡನ್ ಎಂಬ ಊರಿನ ಸಂಗ್ರಹಾಲಯಕ್ಕೆ ಬಂದಿತು. ಶಿಲ್ಡನ್ ತಿಮೊಥಿ ಹ್ಯಾಕ್‌ವರ್ತನ ಊರು. ರೈನ್‌ಹಿಲ್ಲಿನಲ್ಲಿ ಸಿಲಿಂಡರು ಬಿರಿದು ಸೋತ ‘ಸಾನ್ ಪರೇ’ ಇಂಜಿನನ್ನು ಕಟ್ಟಿದವನು ಆತನೇ. ಸೋತ ಆ ಬಂಡಿಯು 1844ರವರೆಗೆ ರೈಲುದಾರಿಯಲ್ಲಿ ಓಡಿ, 1863ರವರೆಗೆ ಗಣಿಯೊಂದರಲ್ಲಿ ನೆಲೆನಿಂತ ಯಂತ್ರವಾಗಿ ದುಡಿಯಿತು. ಗೆದ್ದುದಕ್ಕಿಂತ ಸೋತುದರ ಸೇವೆಯೇ ದೀರ್ಘವಾಯಿತು! ಈ ಬಂಡಿಯನ್ನೂ ಅದೇ ಶಿಲ್ಡನ್ನಿನಲ್ಲಿ ಇರಿಸಿದ್ದಾರೆ. 1829ರಲ್ಲಿ ಎದುರಾಳಿಗಳಾಗಿದ್ದ ಎರಡು ಮುದಿ ಬಂಡಿಗಳೂ ಹೀಗೆ ಒಂದೇ ಊರಿನ ಆಶ್ರಯವನ್ನು ಪಡೆದಿವೆ.