ಎಣ್ಣೆನೀರು

ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಹಿರಿಯ ಹೆಂಗಸರು ‘ತಲೆ ತೊಳೆದುಕೊಂಡೆ’ ಎನ್ನುತ್ತಿರಲಿಲ್ಲ, ‘ಎರೆದುಕೊಂಡೆ’ ಎನ್ನುತ್ತಿದ್ದರು. ಮಕ್ಕಳಿಗಾದರೆ ‘ಎರೆದೆ’, ಬಾಣಂತಿಗಾದರೆ ‘ನೀರು ಹಾಕಿದೆ’. ಈ ಮಾತುಗಳೊಳಗೆ ಒಂದು ಚರಿತ್ರೆಯೇ ಅಡಗಿದೆಯೆಂದು ನನಗೆ ತೋರುತ್ತದೆ. ಏಕೆಂದರೆ ಎರೆಯುವುದಕ್ಕೆ ಇನ್ನೊಬ್ಬರ ಕೈ ಬೇಕು, ಕೇಶರಕ್ಷಣೆಯೆಂಬುದು ನಮ್ಮಲ್ಲಿ ಬಹುಕಾಲ ಮನೆಯ ಒಬ್ಬರು ಇನ್ನೊಬ್ಬರಿಗೆ ಸಲ್ಲಿಸುತ್ತಿದ್ದ ಉಪಚಾರವಾಗಿದ್ದಿತು.

ಆ ಉಪಚಾರದ ಮೊದಲ ದ್ರವ್ಯ ಎಣ್ಣೆ. ಎಳ್ಳಿನ ನೆಯ್ ಎಂಬ ಅರ್ಥದಿಂದಲೇ ಎಣ್ಣೆಯೆಂಬ ಶಬ್ದ ಹುಟ್ಟಿತೆಂದು ಶಬ್ದಜ್ಞರು ಹೇಳುತ್ತಾರೆ. ಸಂಸ್ಕೃತದ ತೈಲವೂ ತಿಲದಿಂದಲೇ ಬಂದುದು. ಪ್ರತಿದಿನವೂ ತಲೆಗೆ ಎಣ್ಣೆ ಹಚ್ಚುವವನಿಗೆ ಶಿರಶ್ಶೂಲೆಯಾಗಲಿ ಬೋಳಾಗುವುದಾಗಲಿ ಅಕಾಲದ ನರೆಯಾಗಲಿ ಬಾರದೆಂದು ಚರಕಸಂಹಿತೆ ವಿಧಿಸಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಸ್ನಾನವು ರಾಜಭೋಗಗಳಲ್ಲೊಂದಾಗಿ ಬಂದಿದೆ, ಅಲ್ಲಿ ಹೂವಿನ ಪರಿಮಳ ಹಿಡಿದ ಎಳ್ಳೆಣ್ಣೆಯುಂಟು, ಅದನ್ನು ಮೈಗೆ ತಿಕ್ಕುವ ಪರಿಚಾರಕರುಂಟು. ದೊರೆಗೆ ಭೋಗವಾಗಿದ್ದುದು ಬಡವನ ಮನೆಗೆ ಯುಗಾದಿಗೊಮ್ಮೆ, ನರಕಚತುರ್ದಶಿಗೊಮ್ಮೆಯಾದರೂ ತಪ್ಪದೆ ಬಂದಿತಲ್ಲ, ಅದು ನಮ್ಮ ಸಂಪ್ರದಾಯದ ದೊಡ್ಡತನ. ಚತುರ್ದಶಿಯ ಹಿಂದಿನ ಸಂಜೆಯೇ ಹಂಡೆಯನ್ನು ಹುಣಿಸೆಹಣ್ಣಿನಿಂದ ಬೆಳಗಿ, ಕೊರಳಿಗೆ ಬಳ್ಳಿ ಸುತ್ತಿ, ನೀರು ತುಂಬಿ ಪೂಜಿಸುತ್ತಿದ್ದುದರಿಂದ ಆ ದಿನಕ್ಕೆ ನೀರು ತುಂಬುವ ಹಬ್ಬವೆಂದೇ ಹೆಸರಾಯಿತು.

ಎಣ್ಣೆಯ ಜಿಡ್ಡನ್ನು ಬಿಡಿಸುವುದಕ್ಕೆ ಆಯಾ ಸೀಮೆಯವರು ಆಯಾ ಸೀಮೆಯ ಗಿಡಮರಗಳನ್ನೇ ಆಶ್ರಯಿಸಿದರು. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ದಾಸವಾಳದ ಎಲೆಯನ್ನೋ ಮತ್ತಿಯ ಸೊಪ್ಪನ್ನೋ ನೀರಿನಲ್ಲಿ ಹಿಸುಕಿ ಲೋಳೆಯಾದ ಗೊಂಪು ತೆಗೆಯುತ್ತಿದ್ದರು; ಬಯಲುಸೀಮೆಯಲ್ಲಿ ಎಲೆಯನ್ನೊಣಗಿಸಿ ಕುಟ್ಟಿದ ಚಿಗರೆಪುಡಿ; ಎಲ್ಲೆಡೆಯಲ್ಲಿಯೂ ಸೀಗೆಕಾಯಿ. ಬಿಸಿಲಿನಲ್ಲಿ ಗಲಗಲ ಎನ್ನುವವರೆಗೆ ಒಣಗಿದ ಸೀಗೆಕಾಯನ್ನು ಒಂದಿಷ್ಟು ಮೆಂತ್ಯದೊಡನೆ ಒರಳಿಗೆ ಹಾಕಿ ಕುಟ್ಟುವಾಗ ಓಣಿಯವರೆಲ್ಲ ಸೀನುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಸೀಗೆಯಲ್ಲಿ ನೊರೆ ಬರಿಸುವ ಸ್ಯಾಪೊನಿನ್ ಎಂಬ ಸತ್ತ್ವವಿದೆ. ಸೋಪು ಕ್ಷಾರಗುಣವುಳ್ಳದ್ದು, ಬಯಲುಸೀಮೆಯ ಬಾವಿಗಳ ಗಡಸು ನೀರಿನಲ್ಲಿ ಅದು ಸುಣ್ಣದ ಅಂಶದೊಡನೆ ಕೂಡಿ ಬಿಳಿಯ ಜಿಗುಟಾಗಿ ಕೂದಲಿಗೆ ಹತ್ತಿಕೊಳ್ಳುತ್ತದೆ. ಸೀಗೆಗೆ ಆ ದೋಷವಿಲ್ಲ. ಜಿಡ್ಡನ್ನು ಪೂರ್ತಿಯಾಗಿ ಕಿತ್ತುಹಾಕದೆ ಕೂದಲಿಗೆ ಬೇಕಾದಷ್ಟನ್ನು ಅದು ಉಳಿಸಿಬಿಡುತ್ತದೆ. ರಸಾಯನಶಾಸ್ತ್ರದ ಹೆಸರನ್ನೇ ಕೇಳದ ಅಜ್ಜಿಯರು ಇದನ್ನು ಬೆರಳ ತುದಿಯಿಂದ ಅರಿತಿದ್ದರು.

ನೀರಿನ ವಿಷಯದಲ್ಲಿ ಮಾತ್ರ ಶಾಸ್ತ್ರಕ್ಕೂ ರೂಢಿಗೂ ಒಂದು ಸಣ್ಣ ವಿವಾದ ನಡೆದೇ ಬಂದಿದೆ. ಬಿಸಿನೀರು ಮೈಗೆ ಬಲವನ್ನು ಕೊಡುವುದಾದರೂ ತಲೆಗೆ ಸುರಿದುಕೊಂಡರೆ ಕೂದಲಿಗೂ ಕಣ್ಣಿಗೂ ಹಾನಿಯೆಂದು ವಾಗ್ಭಟನ ಅಷ್ಟಾಂಗಹೃದಯ ಹೇಳಿದ್ದರೆ, ನಮ್ಮವರು ಹಂಡೆಯಲ್ಲಿ ಹಬೆಯಾಡುವ ನೀರನ್ನು ಚೊಂಬು ಚೊಂಬಾಗಿ ಸುರಿದರೇ ಎಣ್ಣೆನೀರಾಯಿತೆಂದು ನಂಬಿದ್ದರು. ನನ್ನ ಅಜ್ಜಿ ತಲೆಗೆ ಎರೆಯುವ ನೀರಿಗೆ ತೊಟ್ಟಿಯ ತಣ್ಣೀರನ್ನು ಬೆರಸಿ, ಮೊಳಕೈಗೆ ಒಂದಿಷ್ಟು ಸುರಿದುಕೊಂಡು ಹದ ನೋಡಿ, ಆಮೇಲೆ ‘ಕಣ್ಣು ಮುಚ್ಚಿಕೊ ಮಗು’ ಎನ್ನುತ್ತಿದ್ದಳು. ವಾಗ್ಭಟನನ್ನು ಅವಳು ಓದಿದವಳಲ್ಲ. ಆದರೂ ಅವನ ಪಕ್ಷವೇ ಸರಿಯೆಂಬುದು ಅವಳ ಮೊಳಕೈಗೆ ತಿಳಿದಿದ್ದಿತು.

ಈಗ ಲೋಕವೆಲ್ಲ ಬಳಸುವ ಶಾಂಪೂ ಎಂಬ ಹೆಸರೂ ನಮ್ಮ ದೇಶದ್ದೇ. ಒತ್ತು, ಅಮುಕು ಎಂಬರ್ಥದ ‘ಚಾಂಪೊ’ ಎಂಬ ಹಿಂದಿಯ ಮಾತು ಅದರ ಮೂಲ. ಪಟ್ನಾದಲ್ಲಿ ಹುಟ್ಟಿದ ಶೇಖ್ ದೀನ್ ಮಹಮ್ಮದ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ ಹಬೆಸ್ನಾನದ ಮನೆಯನ್ನು ತೆರೆದು, ಈ ಹೆಸರಿನಿಂದ ಅಂಗಮರ್ದನವನ್ನು ನಡೆಯಿಸಿ ರಾಜಮನೆತನದವರೆಗೂ ಪ್ರಸಿದ್ಧನಾದನು. ಕಾಲಕ್ರಮದಲ್ಲಿ ಆ ಶಬ್ದವು ಕೈಯ ಕೆಲಸವನ್ನು ಬಿಟ್ಟು ಬುಡ್ಡಿಯೊಳಗಣ ದ್ರವಕ್ಕೆ ಅಂಟಿಕೊಂಡಿತು. ಹೀಗೆ ಕೈಯೊಂದು ಜಾರಿಹೋದುದನ್ನು ನೆನೆದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ಎರೆದಾದ ಮೇಲಣ ಕೆಲಸವೂ ಕಡಮೆಯದಲ್ಲ. ಬಾಣಂತಿಯ ಕೂದಲನ್ನು ಕೆಂಡದ ಮೇಲೆ ಕವುಚಿದ ಬುಟ್ಟಿಯ ಮೇಲೆ ಹರಡಿ, ಸಾಂಬ್ರಾಣಿಯ ಹೊಗೆ ಕೊಟ್ಟು ಆರಿಸುತ್ತಿದ್ದರು. ಒದ್ದೆಗೂದಲಿಗೆ ಬಾಚಣಿಗೆ ತಾಗಿಸಬಾರದೆಂಬುದು ಕಟ್ಟುನಿಟ್ಟು. ಬೆರಳಿನಿಂದಲೇ ಸಿಕ್ಕು ಬಿಡಿಸಿ, ತುದಿಗೊಂದು ಸಡಿಲ ಗಂಟು ಹಾಕಿ ಬೆನ್ನ ಮೇಲೆ ಬಿಡುತ್ತಿದ್ದರು. ಮಧ್ಯಾಹ್ನ ಕಳೆದು ಕೂದಲು ಆರಿದ ಬಳಿಕ ಜಗಲಿಯ ಮೇಲೆ ಹುಡುಗಿಯರು ಒಬ್ಬರ ಹಿಂದೊಬ್ಬರು ಕುಳಿತುಕೊಳ್ಳುವರು; ಹೇನು ಸೀರುಗಳಿಗೆ ಸೀರಣಿಗೆ, ಆಮೇಲೆ ಅಗಲ ಹಲ್ಲಿನ ಬಾಚಣಿಗೆ, ಆಮೇಲೆ ಹೆರಳು. ಎಲ್ಲರ ಹಿಂದೆ ಅಜ್ಜಿ. ಅವಳ ಹಿಂದೆ ಯಾರೂ ಇರುತ್ತಿರಲಿಲ್ಲವಾದುದರಿಂದ, ದೀಪ ಹಚ್ಚುವ ಹೊತ್ತಿಗೆ ನನ್ನ ತಾಯಿ ಕೈಯೊರಸಿಕೊಳ್ಳುತ್ತ ಬಂದು, ಆ ತೆಳ್ಳನೆಯ ಬೆಳ್ಳಿಗೂದಲನ್ನು ಬಾಚಿ ತುರುಬು ಕಟ್ಟುತ್ತಿದ್ದಳು.