ಮರಕ್ಕೆ ನಯ ಬಂದ ಬಗೆ

ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ತಾವು ಹೋದರೆ ಪ್ರಣವೇಶ್ವರ ದೇಗುಲದ ಬಳಿಯ ಕಲ್ಲುಕಂಬವನ್ನು ನೋಡದೆ ಬರಬಾರದು. ಅದರ ಮೇಲಿರುವುದು ಕದಂಬ ಶಾಂತಿವರ್ಮನ ಕಾಲದ, ಐದನೆಯ ಶತಮಾನದ ಶಾಸನ. ಕಾವ್ಯವನ್ನು ಕಟ್ಟಿದ ಕುಬ್ಜನೇ ಅದನ್ನು ಕಲ್ಲಿನ ಮೇಲೂ ಬರೆದನೆಂದು ಶಾಸನವೇ ಹೇಳುತ್ತದೆ. ಕುಬ್ಜನ ಹೆಸರು ಉಳಿಯಿತು. ಅಕ್ಷರ ಕೂರುವಂತೆ ಆ ಗಟ್ಟಿ ಕಲ್ಲಿನ ಮೈಯನ್ನು ಉಜ್ಜಿ ಹದಗೊಳಿಸಿದವನ ಹೆಸರು ಉಳಿಯಲಿಲ್ಲ. ಇಂದು ಬಡಗಿಯ ಯಂತ್ರದಲ್ಲಿ ಗಿರ್ರನೆ ತಿರುಗುವ ಸ್ಯಾಂಡಿಂಗ್ ಡಿಸ್ಕ್, ಅಂದರೆ ಉಜ್ಜುಚಕ್ರ, ಅಂಥ ಹೆಸರಿಲ್ಲದವರ ಕಸುಬಿಗೇ ಸೇರಿದ್ದು.

ನೆರೆಯ ಸೊರಬದಲ್ಲಿ ಈ ಕಸುಬು ಕಲ್ಲಿನಿಂದ ಮರಕ್ಕಿಳಿಯುತ್ತದೆ. ಸೊರಬ, ಸಾಗರಗಳ ಗುಡಿಗಾರರ ಗಂಧದ ಕೆತ್ತನೆ ನಾಡಿಗೆಲ್ಲ ಗೊತ್ತು. 1792ರಲ್ಲಿ ಟಿಪ್ಪು ಸುಲ್ತಾನ ಗಂಧವನ್ನು ರಾಜವೃಕ್ಷವೆಂದು ಸಾರಿದ. ತನ್ನ ನೆಲದಲ್ಲಿ ಬೆಳೆದ ಗಂಧ ಬೆಳೆದವನದೇ ಎಂಬ ತಿದ್ದುಪಡಿ ಬರಲು 2001 ಬೇಕಾಯಿತು. ತೂಕದ ಲೆಕ್ಕದಲ್ಲಿ ಕೊಳ್ಳುವ ಇಂಥ ಮರದಲ್ಲಿ ಒಂದು ಚಿಟಿಕೆ ಪುಡಿಯೂ ನಷ್ಟವೇ. ನಯ ಬೇಕು, ಮರ ಸವೆಯಬಾರದು, ಕಷ್ಟವಿರುವುದು ಇಲ್ಲಿ.

ಹಿಂದೆ ಇದಕ್ಕೆ ಕಾಡೇ ಸಾಮಗ್ರಿ ಕೊಡುತ್ತಿತ್ತು. ಆಲ, ಅತ್ತಿಗಳ ಕುಲದ ಗರಗತ್ತಿಯ ಎಲೆ ಬೆಕ್ಕಿನ ನಾಲಗೆಯಂತೆ ಒರಟು. ಮರ, ಕೊಂಬು, ದಂತಗಳನ್ನು ಅದರಿಂದ ಉಜ್ಜುತ್ತಿದ್ದರು. ಸಂಸ್ಕೃತದ ‘ಕ್ರಕಚ’ ಕನ್ನಡದಲ್ಲಿ ‘ಗರಗಸ’ವಾದುದನ್ನು ವ್ಯಾಕರಣ ಓದಿದವರು ಬಲ್ಲರು, ಈ ಎಲೆಯ ಹೆಸರಿನಲ್ಲಿಯೂ ಆ ಹಲ್ಲಿನ ಸದ್ದೇ ನನ್ನ ಕಿವಿಗೆ ಕೇಳುತ್ತದೆ. ಚೀಣೀಯರು ಹದಿಮೂರನೆಯ ಶತಮಾನದಲ್ಲಿಯೇ ಚಿಪ್ಪಿನ ಪುಡಿಯನ್ನು ಅಂಟಿನಿಂದ ಚರ್ಮದ ಹಾಳೆಗೆ ಕೂರಿಸಿದ್ದರು. 1833ರಲ್ಲಿ ಲಂಡನ್ನಿನ ಜಾನ್ ಓಕಿ ಗಾಜಿನ ಪುಡಿಯ ಕಾಗದವನ್ನು ಮಾರಾಟಕ್ಕೆ ತಂದ.

ಯಂತ್ರದ ತಟ್ಟೆಗೆ ಕಾಗದವನ್ನು ಅಂಟಿಸಿದರೆ ಸವೆದಾಗ ಕೀಳುವುದು ಒಂದು ರಗಳೆ. ಇದಕ್ಕೆ ಪರಿಹಾರ ದೊರೆತದ್ದು ಒಂದು ನಾಯಿಯ ಮೈಯಿಂದ! 1941ರಲ್ಲಿ ಸ್ವಿಟ್ಜರ್ಲೆಂಡಿನ ಜಾರ್ಜ್ ಡಿ ಮೆಸ್ಟ್ರಾಲ್, ನಮ್ಮ ಪಂಚೆಗೆ ಉತ್ತರಾಣಿ ಹತ್ತಿಕೊಳ್ಳುವಂತೆ ತನ್ನ ನಾಯಿಗೆ ಹತ್ತಿದ್ದ ಮುಳ್ಳುಕಾಯಿಯಲ್ಲಿ ಸಣ್ಣ ಕೊಕ್ಕೆಗಳನ್ನು ಕಂಡ. ಕೊಕ್ಕೆ ಕುಣಿಕೆಗಳ ಆ ಜೋಡಿ 1955ರಲ್ಲಿ ಪೇಟೆಂಟ್ ಪಡೆಯಿತು. ವೆಲ್ಕ್ರೋ ಎಂದರೆ ಅದೇ.

ಕೊಳ್ಳುವಾಗ ಬೆನ್ನಿನ ಅಂಕಿಯನ್ನು ಓದಿರಿ. ಅಂಕಿ ಹೆಚ್ಚಿದಷ್ಟೂ ಹರಳು ಸಣ್ಣದು. 80ರಲ್ಲಿ ತೊಡಗಿ 120, ಆಮೇಲೆ 220. ನಡುವಿನದನ್ನು ಹಾರಿಸಿದರೆ ಮೊದಲಿನ ಗೀರು ಉಳಿದು, ಬಣ್ಣ ಹಚ್ಚಿದ ಮೇಲೆ ಎದ್ದು ಕಾಣುತ್ತದೆ. ಗಂಧದಂಥ ಎಣ್ಣೆಮರಕ್ಕೆ ಹರಳನ್ನು ವಿರಳವಾಗಿ ಕೂರಿಸಿದ ಚಕ್ರವೇ ಲೇಸು; ದಟ್ಟವಾದದ್ದು ಬೇಗ ಪುಡಿ ಕಟ್ಟಿಕೊಳ್ಳುತ್ತದೆ. ಒತ್ತಿ ಹಿಡಿದರೆ ಕಾವಿಗೆ ಕೊಕ್ಕೆಗಳು ಕರಗಿ ಹಿಡಿತ ಬಿಡುತ್ತದೆ. ಕೊಕ್ಕೆಯ ಮೆತ್ತೆಯಿಂದ ಮರದ ಅಂಚು ಕೊಂಚ ಗುಂಡಾಗುವುದುಂಟು. ಚೌಕಟ್ಟಿನ ಸಂದು ಕರಾರುವಾಕ್ಕಾಗಿ ಕೂರಬೇಕಾದರೆ ಹಳೆಯ ಅಂಟಿನ ಚಕ್ರವೇ ಮೇಲೆಂದು ನನ್ನ ಮತ.

ಇಷ್ಟೆಲ್ಲ ಹಲಗೆಯ ಸಮತಟ್ಟಾದ ಮೈಗಾಯಿತು. ಗುಡಿಗಾರನು ಕೆತ್ತಿದ ಬಳ್ಳಿಯ ತಿರುವಿಗೆ, ಹಕ್ಕಿಯ ಕೊರಳ ಸಂದಿಗೆ ಯಾವ ಚಕ್ರವೂ ಇಳಿಯದು. ಅಲ್ಲಿಗೆ ಇಂದಿಗೂ ಬೆರಳಿನಲ್ಲಿ ಮಡಿಸಿ ಹಿಡಿದ ಕಾಗದದ ಮೂಲೆಯೇ ಹೋಗಬೇಕು.