ಬೆಂಗಳೂರು ಸೀಮೆಯಲ್ಲಿ ಗುಹ್ಯರೋಗ ನಿಯಂತ್ರಣ ಮತ್ತು ಮುಖಮೈಥುನದ ವಿಚಾರ

ನಾಡಿನ ಚರಿತ್ರೆಯನ್ನು ಬರೆಯುವಾಗ ನಾವು ಶಾಸನಗಳನ್ನೂ ಕಂದಾಯದ ಲೆಕ್ಕಗಳನ್ನೂ ಯುದ್ಧಗಳ ವರದಿಗಳನ್ನೂ ಪರಿಶೀಲಿಸುತ್ತೇವೆ. ಜನರ ಆರೋಗ್ಯದ ಚರಿತ್ರೆಯು ಅಷ್ಟಾಗಿ ನಮ್ಮ ಗಮನಕ್ಕೆ ಬಂದಿಲ್ಲ. ಅದರಲ್ಲಿಯೂ ಗುಹ್ಯರೋಗಗಳ ವಿಷಯವನ್ನು ಸಂಕೋಚದಿಂದ ಬದಿಗಿರಿಸುವುದೇ ವಾಡಿಕೆ. ಬೆಂಗಳೂರು ಸೀಮೆಯಲ್ಲಿ ಈ ರೋಗಗಳನ್ನು ಹತೋಟಿಗೆ ತರಲು ಸರ್ಕಾರಗಳು ಅನುಸರಿಸಿದ ಮಾರ್ಗಗಳನ್ನು ಸ್ಥೂಲವಾಗಿ ನೋಡಿ, ಆ ಮಾರ್ಗಗಳಲ್ಲಿ ಬಹುಕಾಲ ಬಿಟ್ಟುಹೋದ ಒಂದು ಸಂಗತಿಯನ್ನು, ಎಂದರೆ ಬಾಯಿಯ ಮೂಲಕ ರೋಗವು ಹರಡುವುದನ್ನು, ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಇಂಥ ವಿಷಯವನ್ನು ಚರ್ಚಿಸುವುದು ನಮ್ಮ ಪರಂಪರೆಗೆ ಹೊರತಾದುದೆಂಬ ಭಾವನೆ ಸರಿಯಲ್ಲ. ವಾತ್ಸ್ಯಾಯನನ ಕಾಮಸೂತ್ರದ ಎರಡನೆಯ ಅಧಿಕರಣದಲ್ಲಿ ಮುಖಮೈಥುನಕ್ಕೆ ಔಪರಿಷ್ಟಕವೆಂಬ ಹೆಸರಿನ ಒಂದು ಅಧ್ಯಾಯವೇ ಮೀಸಲಾಗಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಉಪದಂಶರೋಗಕ್ಕೆ ಹೇಳಿರುವ ಕಾರಣಗಳಲ್ಲಿ ಉಗುರು ಮತ್ತು ಹಲ್ಲುಗಳಿಂದಾಗುವ ಗಾಯಗಳೂ ಸೇರಿವೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದಷ್ಟು ಹಿಂದೆಯೇ ಚಂದ್ರರಾಜನು ಮದನತಿಲಕವೆಂಬ ಕಾಮಶಾಸ್ತ್ರಗ್ರಂಥವನ್ನು ರಚಿಸಿದನು. ಹದಿನಾರನೆಯ ಶತಮಾನದಲ್ಲಿ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಫಿರಂಗರೋಗವೆಂಬ ಹೊಸ ವ್ಯಾಧಿಯನ್ನು ವರ್ಣಿಸಿದನು. ಇಂದು ಸಿಫಿಲಿಸ್ ಎನ್ನುವುದು ಅದನ್ನೇ. ಅದರ ಚಿಕಿತ್ಸೆಗೆ ಬಂದ ಬೇರು ನಮ್ಮ ಗ್ರಂದಿಗೆ ಅಂಗಡಿಗಳಲ್ಲಿ ಪರಂಗಿಚಕ್ಕೆಯೆಂಬ ಹೆಸರಿನಿಂದ ಉಳಿಯಿತು.

ಬೆಂಗಳೂರಿನಲ್ಲಿ ಈ ಚರಿತ್ರೆಯು ಹೊಸ ತಿರುವು ಪಡೆದುದು ದಂಡಿನ ಸ್ಥಾಪನೆಯಿಂದ. 1809ರಲ್ಲಿ ಬ್ರಿಟಿಷ್ ಸೈನ್ಯವು ಶ್ರೀರಂಗಪಟ್ಟಣದಿಂದ ಇಲ್ಲಿಗೆ ಬಂದು ನೆಲೆಸಿತು. ಹೊಸಕೋಟೆ, ದೇವನಹಳ್ಳಿ, ನೆಲಮಂಗಲ, ದೊಡ್ಡಬಳ್ಳಾಪುರಗಳ ದಾರಿಗಳೆಲ್ಲ ಈ ಊರಿನ ಕಡೆಗೇ ಸಾಗುತ್ತಿದ್ದವು. ಸೈನಿಕರಲ್ಲಿ ಗುಹ್ಯರೋಗವು ಹೆಚ್ಚಿದಾಗ ಸರ್ಕಾರವು 1864ರ ದಂಡುಪ್ರದೇಶಗಳ ಕಾಯಿದೆಯನ್ನೂ 1868ರ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೂ ತಂದಿತು. ಇವುಗಳ ಮೇರೆಗೆ ವೇಶ್ಯೆಯರೆಂದು ಗುರುತಿಸಲ್ಪಟ್ಟ ಹೆಂಗಸರು ಹೆಸರು ನೋಂದಾಯಿಸಿ ನಿಯತಕಾಲಕ್ಕೆ ಪರೀಕ್ಷೆಗೆ ಒಳಗಾಗಬೇಕಾಗಿತ್ತು. ರೋಗ ಕಂಡುಬಂದರೆ ಲಾಕ್ ಆಸ್ಪತ್ರೆಯಲ್ಲಿ ಅವರನ್ನು ಕೂಡಿಹಾಕಲಾಗುತ್ತಿತ್ತು. ಬೆಂಗಳೂರಿನಲ್ಲಿಯೂ ಇಂಥ ಆಸ್ಪತ್ರೆ ಇದ್ದಿತು. ಕಾಯಿದೆಯ ಕಟ್ಟು ಹೆಂಗಸರ ಮೇಲೆ ಬಿದ್ದಿತೇ ಹೊರತು ಅವರ ಬಳಿಗೆ ಹೋಗುತ್ತಿದ್ದ ಗಂಡಸರ ಮೇಲೆ ಬೀಳಲಿಲ್ಲ.

ಈ ಬಲಾತ್ಕಾರದ ಫಲವೇನು? ಕಾಯಿದೆಯು ಜಾರಿಯಲ್ಲಿದ್ದ 1880ರ ದಶಕದಲ್ಲಿಯೇ ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ರೋಗವು ಏರುತ್ತಿತ್ತು. 1888ರಲ್ಲಿ ಕಾಯಿದೆ ರದ್ದಾಯಿತು. 1895ರಲ್ಲಿ ಸಾವಿರ ಸೈನಿಕರಿಗೆ 500ಕ್ಕೂ ಮಿಕ್ಕಿ ಆಸ್ಪತ್ರೆಗೆ ದಾಖಲಾದಾಗ, ಕಾಯಿದೆಯ ಪರವಾದವರು ಅದನ್ನೇ ಆಧಾರವಾಗಿ ಹಿಡಿದು ವಾದಿಸಿದರು. ಆದರೆ 1868ರ ಕಾಯಿದೆಯು ಮರಳಿ ಬಾರದೆಯೂ, 1910ರ ವೇಳೆಗೆ ಆ ಸಂಖ್ಯೆಯು ಸಾವಿರಕ್ಕೆ ನೂರಕ್ಕಿಂತ ಕೆಳಗಿಳಿಯಿತು. ರೋಗದ ಏರಿಳಿತಕ್ಕೆ ನಿರ್ಬಂಧವೊಂದೇ ಕಾರಣವಲ್ಲವೆಂಬುದು ಇದರಿಂದ ವಿಶದವಾಗುತ್ತದೆ.

ಇದೇ ಕಾಲದ ಇನ್ನೊಂದು ಶಾಸನವನ್ನು ಇಲ್ಲಿ ಗಮನಿಸಬೇಕು. 1860ರ ಭಾರತೀಯ ದಂಡಸಂಹಿತೆಯ 377ನೆಯ ಕಲಮು ಪ್ರಕೃತಿವಿರುದ್ಧವಾದ ಸಂಭೋಗವನ್ನು ಅಪರಾಧವೆಂದು ಸಾರಿತು. 1925ರಲ್ಲಿ ಸಿಂಧ್ ಪ್ರಾಂತದ ನ್ಯಾಯಾಲಯವು ಮುಖಮೈಥುನವೂ ಅದರಲ್ಲಿ ಸೇರುತ್ತದೆಂದು ತೀರ್ಪಿತ್ತಿತು. ಶಿಕ್ಷೆಗೆ ಗುರಿಮಾಡಬಲ್ಲ ಸಂಗತಿಯನ್ನು ವೈದ್ಯನ ಮುಂದೆ ಯಾರು ತಾನೇ ಬಾಯಿಬಿಟ್ಟು ಹೇಳಿಯಾರು? ಒಂದು ಕಾಯಿದೆಯು ದೇಹವನ್ನು ಬಲವಂತವಾಗಿ ಪರೀಕ್ಷಿಸಿತು. ಇನ್ನೊಂದು, ಕೇಳಬೇಕಾದ ಪ್ರಶ್ನೆಯನ್ನೇ ಕೇಳದಂತೆ ಮಾಡಿತು.

ಆ ಪ್ರಶ್ನೆಯ ಮಹತ್ವವು ಇಂದಿನ ವೈದ್ಯಶಾಸ್ತ್ರದಿಂದ ತಿಳಿಯುತ್ತದೆ. ಗೊನೊರಿಯಾ, ಕ್ಲಮೈಡಿಯಾ, ಸಿಫಿಲಿಸ್, ಹರ್ಪಿಸ್ ಮತ್ತು ಎಚ್‌ಪಿವಿ ಸೋಂಕುಗಳು ಮುಖಮೈಥುನದಿಂದ ಹರಡಬಲ್ಲವು. ಎಚ್‌ಐವಿಯು ಈ ದಾರಿಯಿಂದ ಹರಡುವ ಸಂಭವ ಬಹಳ ಕಡಮೆ. ಬಾಯಲ್ಲಿ ಹುಣ್ಣು ಅಥವಾ ರಕ್ತಸ್ರಾವವಿದ್ದರೆ ಅಪಾಯ ಹೆಚ್ಚಬಹುದು. ಗಂಟಲಿನ ಗೊನೊರಿಯಾ ಬಹುಮಟ್ಟಿಗೆ ಯಾವ ಲಕ್ಷಣವನ್ನೂ ತೋರುವುದಿಲ್ಲ. ಮೂತ್ರಪರೀಕ್ಷೆಯಿಂದ ಅದು ತಿಳಿಯದು. ಗಂಟಲಿನಿಂದಲೇ ದ್ರವದ ಮಾದರಿ ತೆಗೆಯಬೇಕು. ಅಲ್ಲಿ ನೆಲೆಸಿದ ರೋಗವನ್ನು ಗುಣಪಡಿಸುವುದೂ ಹೆಚ್ಚು ಕಷ್ಟ. ಔಷಧಿಗೆ ಬಗ್ಗದ ಗೊನೊರಿಯಾ ಹರಡಲು ಇದೊಂದು ಮುಖ್ಯ ಕಾರಣವೆಂದು 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಎಚ್ಚರಿಸಿತು. ಎಚ್‌ಪಿವಿಯ ಕೆಲವು ಬಗೆಗಳು ಗಂಟಲಿನ ಕ್ಯಾನ್ಸರಿಗೂ ಕಾರಣವಾಗುತ್ತವೆ.

ನಿವಾರಣೋಪಾಯಗಳು ಕಷ್ಟವಾದವಲ್ಲ. ಪುರುಷಾಂಗಕ್ಕೆ ಕಾಂಡೋಮ್ ತೊಡಿಸುವುದು ಮೊದಲನೆಯದು. ನಿರೋಧ್ ಎಂಬ ಹೆಸರಿನಿಂದ 1968ರಿಂದ ಇದು ನಮ್ಮ ದೇಶದಲ್ಲಿ ಅಗ್ಗವಾಗಿ ದೊರೆಯಲಾರಂಭಿಸಿತು. ಕೊಬ್ಬರಿ ಎಣ್ಣೆ ಮುಂತಾದ ಜಿಡ್ಡು ತಗುಲಿದರೆ ಅದರ ರಬ್ಬರು ಹರಿಯುವ ಸಂಭವವುಂಟು. ಸ್ತ್ರೀಯ ವಿಷಯದಲ್ಲಿ, ಕಾಂಡೋಮನ್ನು ಉದ್ದಕ್ಕೆ ಕತ್ತರಿಸಿ ಹಾಳೆಯಂತೆ ಬಿಡಿಸಿ ನಡುವೆ ಹಿಡಿಯಬಹುದು. ಬಾಯಲ್ಲಾಗಲಿ ಗುಹ್ಯಾಂಗದಲ್ಲಾಗಲಿ ಹುಣ್ಣು, ಗುಳ್ಳೆ, ಸ್ರಾವ ಕಂಡಾಗಲೂ ಒಸಡಿನಲ್ಲಿ ರಕ್ತ ಬರುವಾಗಲೂ ದೂರವಿರುವುದು ಲೇಸು. ಹೆಪಟೈಟಿಸ್ ಬಿ ಮತ್ತು ಎಚ್‌ಪಿವಿಗಳಿಗೆ ಲಸಿಕೆಯಿದೆ. ಸಿಫಿಲಿಸ್ಸಿಗೆ 1943ರಲ್ಲಿ ಮೊದಲು ಪ್ರಯೋಗಿಸಿದ ಪೆನಿಸಿಲಿನ್ ಇಂದಿಗೂ ರಾಮಬಾಣವಾಗಿದೆ. ಚಿಕಿತ್ಸೆಯನ್ನು ಜೊತೆಗಾರರಿಬ್ಬರೂ ಪಡೆಯಬೇಕು. ಒಬ್ಬರೇ ಪಡೆದರೆ ರೋಗವು ಮತ್ತೆ ಮರಳುತ್ತದೆ.

ಶಾಸನದ ದೃಷ್ಟಿಯೂ ಈಗ ಬದಲಾಗಿದೆ. 1997ರಲ್ಲಿ ಕರ್ನಾಟಕ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯು ಸ್ಥಾಪಿತವಾಯಿತು. 2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯವು ವಯಸ್ಕರು ಪರಸ್ಪರ ಒಪ್ಪಿ ನಡೆಸುವ ಕ್ರಿಯೆಗಳನ್ನು 377ನೆಯ ಕಲಮಿನಿಂದ ಹೊರಗಿಟ್ಟಿತು. ಅದಾದ ನಾಲ್ಕೇ ದಿನಗಳಿಗೆ, ಸೆಪ್ಟೆಂಬರ್ 10ರಂದು, 2017ರ ಎಚ್‌ಐವಿ ಮತ್ತು ಏಡ್ಸ್ ಕಾಯಿದೆಯು ಜಾರಿಗೆ ಬಂದಿತು. ತಿಳಿವಳಿಕೆಯುಳ್ಳ ಸಮ್ಮತಿಯಿಲ್ಲದೆ ಪರೀಕ್ಷೆ ಮಾಡಲಾಗದೆಂಬುದೂ ರೋಗಿಯ ಗುಟ್ಟನ್ನು ಕಾಪಾಡಬೇಕೆಂಬುದೂ ಅದರ ಮೂಲತತ್ತ್ವಗಳು. 1868ರ ನಿಲುವಿಗೂ ಇದಕ್ಕೂ ಇರುವ ಅಂತರವನ್ನು ವಿದ್ಯಾರ್ಥಿಗಳು ಮನನಮಾಡಬೇಕು.

1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಸೇರಿದ ಈ ನಾಲ್ಕು ತಾಲ್ಲೂಕುಗಳ ಸ್ವರೂಪವೂ ಮಾರ್ಪಟ್ಟಿದೆ. ದೊಡ್ಡಬಳ್ಳಾಪುರದ ಮಗ್ಗಗಳಿಗೂ ದಾಬಸ್‌ಪೇಟೆಯ ಕಾರ್ಖಾನೆಗಳಿಗೂ, 2008ರಲ್ಲಿ ದೇವನಹಳ್ಳಿಯ ಬಳಿ ತೆರೆದ ವಿಮಾನನಿಲ್ದಾಣಕ್ಕೂ ದೂರದೂರದ ತರುಣ ತರುಣಿಯರು ದುಡಿಮೆಗಾಗಿ ಬಂದಿದ್ದಾರೆ. ಅವರಲ್ಲಿ ಅನೇಕರು ನಮ್ಮ ಕಾಲೇಜುಗಳ ವಿದ್ಯಾರ್ಥಿಗಳ ವಯಸ್ಸಿನವರೇ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಸಲಹೆಯೂ ಉಚಿತವಾಗಿ ದೊರೆಯುತ್ತವೆ. 1097 ಎಂಬ ಸಂಖ್ಯೆಗೆ ದೂರವಾಣಿಯ ಮೂಲಕ ಕೇಳಿಯೂ ತಿಳಿಯಬಹುದು. ಆದರೆ ಗಂಟಲನ್ನೂ ಪರೀಕ್ಷಿಸಬೇಕೆಂದು ರೋಗಿಯು ಹೇಳದಿದ್ದರೆ ವೈದ್ಯರಿಗೆ ತಿಳಿಯುವ ಬಗೆ ಹೇಗೆ? ಬಲಾತ್ಕಾರದಿಂದ ಆಗದ ಕೆಲಸ ಭಯವಿಲ್ಲದ ಮಾತಿನಿಂದ ಆಗಬಲ್ಲದು. ಆ ಮಾತಿಗೆ ಎಡೆಮಾಡಿಕೊಡುವುದು ವೈದ್ಯರ ಹೊಣೆಯಾಗಿರುವಂತೆಯೇ ಅಧ್ಯಾಪಕರಾದ ನಮ್ಮ ಹೊಣೆಯೂ ಆಗಿದೆ.